ತೂತಿನ ಹಿಂಬದಿ

ತೇಜಸ್ ಯುದ್ಧವಿಮಾನವನ್ನು ಹೊಗಳುವವರು ಅದರ ವೇಗ ಹೇಳುತ್ತಾರೆ, ಕ್ಷಿಪಣಿಗಳ ಪಟ್ಟಿ ಕೊಡುತ್ತಾರೆ, ತ್ರಿಕೋನಾಕಾರದ ರೆಕ್ಕೆಯ ಚಿತ್ರ ತೋರಿಸುತ್ತಾರೆ. ಅದನ್ನು ವಿನ್ಯಾಸ ಮಾಡಿದ ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ. ಅದರ ಕಡೆ ಯಾರೂ ಕಣ್ಣು ಹಾಯಿಸುವುದಿಲ್ಲ. ವಿಮಾನದ ಒಡಲನ್ನು ಬರೀ ಲೋಹದಲ್ಲಿ ಮಾಡಿದ್ದರೆ ಸುಮಾರು 10,000 ಫಾಸ್ಟನರುಗಳು, ಅಂದರೆ ಬೋಲ್ಟು-ರಿವೆಟ್ಟುಗಳು, ಬೇಕಾಗುತ್ತಿದ್ದವು. ಕಾರ್ಬನ್ ಎಳೆಯ ಕಾಂಪೋಸಿಟ್ ಬಳಸಿದ್ದರಿಂದ ಅವು ಅರ್ಧಕ್ಕಿಳಿದವು. ಸುಮಾರು 2,000 ತೂತುಗಳನ್ನು ಕೊರೆಯುವ ಕೆಲಸವೇ ತಪ್ಪಿತು.

ಮಾಡದೇ ಬಿಟ್ಟ ಕೆಲಸವನ್ನು ಸಾಧನೆ ಎಂದು ಬರೆದುಕೊಳ್ಳುವುದು ವಿಚಿತ್ರವಾಗಿ ಕಾಣಬಹುದು. ತೂತು ಕೊರೆಯುವುದು ಏನು ಮಹಾ ವಿದ್ಯೆ? ಗೋಡೆಗೆ ಗಡಿಯಾರ ನೇತುಹಾಕಲು ಪಕ್ಕದ ಮನೆಯಿಂದ ಡ್ರಿಲ್ ಮೆಷಿನ್ ತಂದು ನಾವೇ ಹೊಡೆಯುವುದಿಲ್ಲವೇ? ಕಬ್ಬಿಣ, ಅಲ್ಯೂಮಿನಿಯಂ, ಹಿತ್ತಾಳೆ ಆದರೆ ಮಾತು ಸರಿ. ಪ್ಲಾಸ್ಟಿಕ್ಕಿನೊಳಗೆ ಎಳೆ ಕೂಡಿಸಿ ಮಾಡಿದ ವಸ್ತು ಬಂದಾಗ ಮಾತ್ರ ನೂರೈವತ್ತು ವರ್ಷಗಳಿಂದ ಲೋಹ ಕೊರೆದು ಪಳಗಿದ ಟ್ವಿಸ್ಟ್ ಡ್ರಿಲ್ ಬಿಟ್ಟು ತಡವರಿಸುತ್ತದೆ.

ಮೊದಲು ಆ ವಸ್ತು ಹೇಗೆ ತಯಾರಾಗುತ್ತದೆ ಎನ್ನುವುದನ್ನು ನೋಡಬೇಕು. ಕಾರ್ಬನ್ ಎಳೆಯೊಂದರ ದಪ್ಪ 5ರಿಂದ 7 ಮೈಕ್ರಾನ್. ನಮ್ಮ ತಲೆಗೂದಲಿನ ಹತ್ತನೇ ಒಂದು ಭಾಗ. ಇಂಥ ಸಾವಿರಾರು ಎಳೆಗಳನ್ನು ಒಂದೇ ದಿಕ್ಕಿಗೆ ಜೋಡಿಸಿ, ಅರೆಬರೆ ಗಟ್ಟಿಯಾದ ಎಪಾಕ್ಸಿ ರಾಳದಲ್ಲಿ ಅದ್ದಿ, ಹಾಳೆಯ ಸುರುಳಿ ಮಾಡಿರುತ್ತಾರೆ. ಒಂದು ಹಾಳೆಯ ದಪ್ಪ ಮಿಲಿಮೀಟರಿನ ಎಂಟನೇ ಒಂದು ಭಾಗದಿಂದ ಐದನೇ ಒಂದು ಭಾಗ. ರಾಳ ತನ್ನಷ್ಟಕ್ಕೆ ಗಟ್ಟಿಯಾಗದಂತೆ ಸುರುಳಿಯನ್ನು ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೀತಲ ಕೋಣೆಯಲ್ಲಿ ಇಡಬೇಕು. ಬೇಕಾದಾಗ ತೆಗೆದು, ಅಚ್ಚಿನ ಮೇಲೆ ಒಂದರ ಮೇಲೊಂದು ಹಾಸುತ್ತಾರೆ: ಒಂದು ಪದರದ ಎಳೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ, ಮತ್ತೆರಡು 45 ಡಿಗ್ರಿ ಓರೆಗೆ. ನಾಲ್ಕು ಮಿಲಿಮೀಟರ್ ದಪ್ಪದ ಹೊದಿಕೆ ಎಂದರೆ ಇಪ್ಪತ್ತರಿಂದ ಮೂವತ್ತು ಪದರ. ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಗಾಳಿ ಎಳೆದು ತೆಗೆದು, ಆಟೋಕ್ಲೇವ್ ಎಂಬ ಬೃಹತ್ ಒತ್ತಡದ ಒಲೆಯಲ್ಲಿ ಸುಮಾರು 180 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ವಾತಾವರಣಕ್ಕಿಂತ ಆರೇಳು ಪಟ್ಟು ಒತ್ತಡದಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಆಮೇಲೆ ಅಲ್ಟ್ರಾಸೌಂಡ್ ಹಾಯಿಸಿ ಒಳಗೆ ಗುಳ್ಳೆ ಇದೆಯೇ, ಪದರ ಬಿಟ್ಟಿದೆಯೇ ಎಂದು ಇಂಚಿಂಚೂ ತಪಾಸಣೆ. ಅಂಚು ಕತ್ತರಿಸಿ ಅಳತೆಗೆ ತರುವುದು.

ಇಷ್ಟೆಲ್ಲ ಮುಗಿದ ಮೇಲೆ ಡ್ರಿಲ್ ಬಿಟ್ಟಿನ ಸರದಿ.

ಎಡವಟ್ಟಿರುವುದೇ ಈ ಕ್ರಮದಲ್ಲಿ. ಪಟ್ಟಿಯಲ್ಲೇ ಅತಿ ಅಗ್ಗದ, ಅತಿ ಹಳೆಯ ಕೆಲಸವನ್ನು ಭಾಗದ ಬೆಲೆ ಅತಿ ಹೆಚ್ಚು ಏರಿರುವ ಗಳಿಗೆಯಲ್ಲಿ ಮಾಡಬೇಕು. ರೆಕ್ಕೆಯ ಹೊದಿಕೆಯಲ್ಲಿ ಸಾವಿರ ತೂತುಗಳಿದ್ದರೆ, 999ನೆಯದರವರೆಗೂ ಸರಿಯಾಗಿ ಬಂದು ಕೊನೆಯದು ಕೆಟ್ಟರೂ ಕೆಟ್ಟಿದ್ದು ಇಡೀ ಹೊದಿಕೆಯೇ. ಅಲ್ಯೂಮಿನಿಯಂ ಆದರೆ ಕರಗಿಸಿ ಮತ್ತೆ ತಗಡು ಮಾಡಬಹುದು. ಬೆಂದ ಎಪಾಕ್ಸಿ ಮತ್ತೆ ಕರಗುವುದಿಲ್ಲ. ಕಾಂಪೋಸಿಟ್ ಕೊರೆತದ ಬಗ್ಗೆ ಬಂದ ಸಂಶೋಧನಾ ಪ್ರಬಂಧಗಳನ್ನು ತೆರೆದರೆ ಪೀಠಿಕೆಯಲ್ಲೇ ಒಂದು ಮಾತು ಎದುರಾಗುತ್ತದೆ: ವಿಮಾನ ಜೋಡಣೆಯ ಕೊನೆ ಹಂತದಲ್ಲಿ ತಿರಸ್ಕೃತವಾಗುವ ಕಾಂಪೋಸಿಟ್ ಭಾಗಗಳಲ್ಲಿ ಶೇ 60ರಷ್ಟು ಕೊರೆಯುವಾಗ ಪದರ ಬಿಟ್ಟದ್ದರಿಂದ ಹಾಳಾದವು ಎಂದು. ದಶಕಗಳಿಂದ ಒಬ್ಬರ ಪ್ರಬಂಧದಿಂದ ಇನ್ನೊಬ್ಬರು ಎತ್ತಿಕೊಂಡು ಬಂದ ಅಂಕಿ ಅದು. ಈಗಿನ ಕಾರ್ಖಾನೆಗಳಿಗೆ ಅದನ್ನು ಹಾಗೇ ಅನ್ವಯಿಸಲು ನಾನಂತೂ ಹೋಗುವುದಿಲ್ಲ. ಆದರೆ ಅಷ್ಟು ಜನ ಅದನ್ನು ಮರುಮಾತಿಲ್ಲದೆ ಒಪ್ಪಿಕೊಂಡಿದ್ದಾರೆ ಎನ್ನುವುದೇ ಈ ಕೆಲಸದ ಹೆದರಿಕೆ ಎಷ್ಟಿದೆ ಎಂದು ತಿಳಿಸುತ್ತದೆ.

ಹಾಗಾದರೆ ಅಂಟಿಸಿಬಿಡಬಾರದೇ, ಬೋಲ್ಟು ಯಾಕೆ ಎನ್ನುವ ಪ್ರಶ್ನೆ ಸಹಜ. ಅಂಟಿಸುವುದೂ ಇದೆ. ತೇಜಸ್‌ನಲ್ಲಿ 2,000 ತೂತು ತಪ್ಪಿದ್ದೇ ಹಲವು ಭಾಗಗಳನ್ನು ಒಟ್ಟಿಗೆ ಬೇಯಿಸಿ ಒಂದೇ ತುಂಡಾಗಿ ಹೊರತೆಗೆಯುವ ವಿಧಾನದಿಂದ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಈ ವಿದ್ಯೆಯಲ್ಲಿ ಪಳಗಿದ ಸಂಸ್ಥೆ. ಆದರೆ ಅಂಟಿಗೆ ಒಂದು ಕೆಟ್ಟ ಗುಣವಿದೆ. ಎರಡು ಮೈ ತಾಗಿ ಕೂತಿವೆ ಎಂದು ಅಲ್ಟ್ರಾಸೌಂಡ್ ಹೇಳಬಲ್ಲದು, ಗಟ್ಟಿಯಾಗಿ ಹಿಡಿದಿವೆ ಎಂದು ಹೇಳಲಾರದು. ಅಂಟಿಸುವ ಮುನ್ನ ಕೈಯ ಎಣ್ಣೆ ತಾಗಿದ್ದರೂ ಚಿತ್ರದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಅಂಟಿಸಿದ ಮೇಲೂ ಅಲ್ಲಲ್ಲಿ ಬೋಲ್ಟು ಹಾಕುತ್ತಾರೆ. ಅಂಟನ್ನು ನಂಬಲು ಧೈರ್ಯ ಸಾಲದವರು ಹಾಕುವ ಇವಕ್ಕೆ ಅಮೆರಿಕದ ಎಂಜಿನಿಯರುಗಳು ‘ಚಿಕನ್ ರಿವೆಟ್’ ಎಂದು ಗೇಲಿ ಮಾಡುವುದುಂಟು. ವಿಮಾನದಲ್ಲಿ ಕೂರುವವನಾಗಿ ಹೇಳುತ್ತೇನೆ, ಆ ಪುಕ್ಕಲುತನ ನನಗೆ ಇಷ್ಟ. ಅಲ್ಲದೆ ಒಳಗಿನ ಪೈಪು, ವೈರು, ಇಂಧನ ಟ್ಯಾಂಕು ನೋಡಲು ಹೊದಿಕೆ ಬಿಚ್ಚಲೇಬೇಕಾದ ಜಾಗಗಳಿರುತ್ತವೆ. ಅಂಟು ಬಿಚ್ಚಲು ಬರುವುದಿಲ್ಲ.

ಇನ್ನು ತೂತು ತಾನೇ ಏನು ಮಾಡುತ್ತದೆ? ಜರ್ಮನಿಯ ಎಂಜಿನಿಯರ್ ಎರ್ನ್ಸ್ಟ್ ಗುಸ್ತಾವ್ ಕಿರ್ಷ್ 1898ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಅಗಲವಾದ ತಗಡಿನ ನಡುವೆ ದುಂಡನೆಯ ತೂತು ಮಾಡಿ ಎಳೆದರೆ, ತೂತಿನ ಅಂಚಿನಲ್ಲಿ ಬೀಳುವ ಬಿಗಿ ಉಳಿದ ಕಡೆಗಿಂತ ಮೂರು ಪಟ್ಟು. ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ಇದೇ ಲೆಕ್ಕ. ಎಲ್ಲ ಎಳೆಯೂ ಒಂದೇ ದಿಕ್ಕಿಗಿರುವ ಕಾರ್ಬನ್ ಕಾಂಪೋಸಿಟ್ಟನ್ನು ಎಳೆಯ ಉದ್ದಕ್ಕೇ ಎಳೆದರೆ ಅದು ಆರೇಳು ಪಟ್ಟು. ಓರೆ ಪದರಗಳನ್ನು ಸೇರಿಸಿದಾಗ ಇಳಿಯುತ್ತದೆ ನಿಜ. ಆದರೆ ಲೋಹಕ್ಕಿರುವ ಒಂದು ಸೌಲಭ್ಯ ಇದಕ್ಕಿಲ್ಲ. ಬಿಗಿ ಮೀರಿದಾಗ ಲೋಹ ಅಂಚಿನಲ್ಲಿ ಸ್ವಲ್ಪ ಬಾಗಿ, ಹಿಗ್ಗಿ, ಹೊರೆಯನ್ನು ಪಕ್ಕಕ್ಕೆ ದಾಟಿಸುತ್ತದೆ. ಕಾರ್ಬನ್ ಎಳೆ ಬಾಗಿ ಕೊಡುವ ಜಾತಿಯಲ್ಲ. ಹಿಡಿದಷ್ಟು ಹಿಡಿದು ಪಟ್ಟನೆ ಕಡಿಯುತ್ತದೆ. ಡಗ್ಲಸ್ ವಿಮಾನ ಕಂಪನಿಯಲ್ಲಿ ಇಂಥ ಜೋಡಣೆಗಳನ್ನು ವರ್ಷಾನುಗಟ್ಟಲೆ ಅಭ್ಯಾಸ ಮಾಡಿದ ಜಾನ್ ಹಾರ್ಟ್-ಸ್ಮಿತ್ ತೋರಿಸಿಕೊಟ್ಟಂತೆ, ಎಷ್ಟೇ ಚೆನ್ನಾಗಿ ಬೋಲ್ಟು ಹಾಕಿ ಜೋಡಿಸಿದರೂ ತೂತಿಲ್ಲದ ಹಲಗೆಯ ಬಲದಲ್ಲಿ ಅರ್ಧದ ಆಸುಪಾಸು ಮಾತ್ರ ದಕ್ಕುತ್ತದೆ. ಇದು ಸರಿಯಾಗಿ ಕೊರೆದ ತೂತಿನ ಕಥೆ. ಕೆಟ್ಟದಾಗಿ ಕೊರೆದದ್ದರ ಪಾಡು ಬೇರೆ.

ಡ್ರಿಲ್ ಬಿಟ್ಟಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಎರಡು ಅಲಗುಗಳ ನಡುವೆ ಒಂದು ಪುಟ್ಟ ಅಡ್ಡಗೆರೆ ಕಾಣುತ್ತದೆ. ಚಿಸೆಲ್ ಎಡ್ಜ್ ಎನ್ನುತ್ತಾರೆ. ಬಿಟ್ಟು ತಿರುಗುವಾಗ ಹೊರ ಅಂಚು ವೇಗವಾಗಿ ಓಡುತ್ತದೆ, ಒಳಗೆ ಬಂದಂತೆ ವೇಗ ಇಳಿಯುತ್ತದೆ, ಸರಿಯಾಗಿ ನಟ್ಟನಡುವೆ ಸೊನ್ನೆ. ತಿರುಗದ ಜಾಗ ಕತ್ತರಿಸುವುದಾದರೂ ಹೇಗೆ? ಅದು ಒತ್ತುತ್ತದೆ, ಅಷ್ಟೇ. ಸಾಮಾನ್ಯ ಬಿಟ್ಟಿನಲ್ಲಿ ಕೆಳಮುಖವಾಗಿ ಬೀಳುವ ಒಟ್ಟು ಒತ್ತಡದ ಅರ್ಧದಷ್ಟು ಈ ಸಣ್ಣ ಗೆರೆಯದೇ. ಹಲಗೆಯ ಮೇಲ್ಭಾಗದಲ್ಲಿರುವಾಗ ಈ ಒತ್ತಡಕ್ಕೆ ಕೆಳಗಿನ ಇಪ್ಪತ್ತು-ಮೂವತ್ತು ಪದರಗಳು ಹೆಗಲು ಕೊಡುತ್ತವೆ. ಬಿಟ್ಟು ಇಳಿದಂತೆ ಕೆಳಗೆ ಉಳಿದ ಪದರ ಕಡಿಮೆಯಾಗುತ್ತ ಬರುತ್ತದೆ. ಕೊನೆಗೆ ಎರಡು, ಒಂದು. ಆಗಲೂ ಒತ್ತಡ ಅಷ್ಟೇ ಇದ್ದರೆ ಕೊನೆಯ ಪದರ ಕಡಿಸಿಕೊಳ್ಳುವ ಮೊದಲೇ ಮೇಲಿನದರಿಂದ ಬಿಟ್ಟುಕೊಂಡು ಹೊರಕ್ಕೆ ಉಬ್ಬುತ್ತದೆ. ಪದರಗಳ ನಡುವೆ ಎಳೆ ಇಲ್ಲ, ಬರೀ ರಾಳ. ಬಿರುಕು ಅಲ್ಲಿ ಸಲೀಸಾಗಿ ಹರಿಯುತ್ತದೆ. ಇದೇ ಡಿಲ್ಯಾಮಿನೇಶನ್.

1990ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಸಂಶೋಧಕರಾದ ಹೋಚೆಂಗ್ ಮತ್ತು ಧರನ್ ಇದಕ್ಕೆ ಒಂದು ಲೆಕ್ಕ ಕೊಟ್ಟರು. ಉಳಿದ ಪದರಗಳನ್ನು ಅಂಚು ಬಿಗಿದ ದುಂಡು ಬಿಲ್ಲೆ ಎಂದು ಭಾವಿಸಿ, ಬಿಟ್ಟಿನ ತುದಿಯ ಒತ್ತಡ ಎಷ್ಟಾದಾಗ ಬಿರುಕು ಹರಡಲು ಶುರುವಾಗುತ್ತದೆ ಎಂದು ಕಂಡುಹಿಡಿದರು. ಅವರ ಸೂತ್ರದಲ್ಲಿ ಉಳಿದ ದಪ್ಪದ ಪಾತ್ರ ದೊಡ್ಡದು: ದಪ್ಪ ಕಾಲುಭಾಗಕ್ಕೆ ಇಳಿದರೆ ತಡೆದುಕೊಳ್ಳುವ ಒತ್ತಡ ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಅಲ್ಲಿಂದೀಚೆಗೆ ಈ ವಿಷಯದಲ್ಲಿ ಬಂದ ಪ್ರಬಂಧಗಳಲ್ಲಿ ಬಹುಪಾಲು ಇವರಿಬ್ಬರ ಸೂತ್ರವನ್ನು ತಿದ್ದಿದವು ಅಥವಾ ಅದರೊಂದಿಗೆ ಜಗಳ ಆಡಿದವು. ಕೆಲಸಗಾರನಿಗೆ ಬೇಕಾದ ಸಾರಾಂಶ ಮಾತ್ರ ಬದಲಾಗಿಲ್ಲ. ತೂತಿನ ಹಣೆಬರಹ ನಿರ್ಧಾರವಾಗುವುದು ಕೊನೆಯ ಅರ್ಧ ಮಿಲಿಮೀಟರಿನಲ್ಲಿ.

ಕೊರೆಯುವವನಿಗೆ ಕಾಣದಿರುವುದೂ ಆ ಅರ್ಧ ಮಿಲಿಮೀಟರೇ.

ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಡ್ರೋನ್‌ಗಳಿಗೆ ಕಾರ್ಬನ್ ತಟ್ಟೆ ಕೊರೆಯುವುದನ್ನು ನಿಂತು ನೋಡಿದ್ದೇನೆ. ಮೂರು ಮಿಲಿಮೀಟರ್ ದಪ್ಪದ ಕಪ್ಪು ಹಾಳೆ. ಮೆಷಿನ್ ಮುಂದಿದ್ದವರು ಐವತ್ತು ದಾಟಿದ, ಮಾತು ಕಡಿಮೆಯ ಮೇಸ್ತ್ರಿ. ಹಾಳೆಯ ಕೆಳಗೆ ಹಳೆಯ ಎಂಡಿಎಫ್ ತುಂಡು ಇಟ್ಟು, ಎರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಮಾಡಿ, ಮೇಲ್ಗಡೆ ಕಾಗದದ ಟೇಪು ಎಳೆದು, ವ್ಯಾಕ್ಯೂಮಿನ ಕೊಳವೆಯನ್ನು ಬಿಟ್ಟಿನ ಪಕ್ಕಕ್ಕೆ ತಂದು ನಿಲ್ಲಿಸಿದರು. ಕಬ್ಬಿಣ ಕೊರೆಯುವಾಗ ಏಳುವ ಸುರುಳಿ ಇಲ್ಲಿ ಏಳಲಿಲ್ಲ. ಪುಡಿ ಬಂತು, ಕಾಡಿಗೆಯಂಥ ನುಣ್ಣನೆಯ ಕರಿ ಪುಡಿ. ಒಂಚೂರು ಸುಟ್ಟ ವಾಸನೆ. ಬಿಟ್ಟು ಆಚೆ ಬರುವ ಹೊತ್ತಿಗೆ ಅವರ ಕೈ ಹಿಡಿಯನ್ನು ತಳ್ಳುವುದು ಬಿಟ್ಟು ಹಿಡಿದು ನಿಲ್ಲಿಸುವಂತೆ ಕಂಡಿತು.

“ಹಿಂದೆ ತಿರುಗ್ಸಿ ನೋಡಿ ಸಾರ್,” ಎಂದರು. “ಮುಂದಿಂದ ನೋಡಿದ್ರೆ ಎಲ್ಲಾ ಹೋಲೂ ಚೆನ್ನಾಗೇ ಇರ್ತವೆ.”

ತಿರುಗಿಸಿದೆ. ಹೊಸ ಕಾರ್ಬೈಡ್ ಬಿಟ್ಟಿನ ತೂತು ಕತ್ತರಿಸಿಟ್ಟ ಹಾಗಿತ್ತು. ಪಕ್ಕದ ಡಬ್ಬಿಯಿಂದ, ಬಿಸಾಡಲು ಇಟ್ಟಿದ್ದ ಮತ್ತೊಂದು ತಟ್ಟೆ ತೆಗೆದು ಕೊಟ್ಟರು. ಮೊಂಡು ಬಿಟ್ಟಿನಲ್ಲಿ, ಕೆಳಗೆ ಆಸರೆ ಇಲ್ಲದೆ ಹುಡುಗನೊಬ್ಬ ಕೊರೆದದ್ದಂತೆ. ತೂತಿನ ಸುತ್ತ ಎಲ್ಲ ಕಡೆ ಕೆಟ್ಟಿರಲಿಲ್ಲ. ಎದುರುಬದುರಾಗಿ ಎರಡು ಕಡೆ ಮಾತ್ರ ಎಳೆಗಳು ಕಡಿಯದೆ ಎದ್ದು ನಿಂತಿದ್ದವು. ಅದೇ ದಿಕ್ಕಿಗೆ ಮೇಲ್ಪದರ ಬಳಪದಲ್ಲಿ ಗೀಚಿದಂತೆ ಬಿಳಿಚಿತ್ತು. ಉಗುರಿಟ್ಟರೆ ಪಟ್ಟಿಯಾಗಿ ಏಳುತ್ತಿತ್ತು.

ಆ ಎರಡು ಕಡೆಗೂ ಕಾರಣವಿದೆ. ಬಿಟ್ಟಿನ ಅಲಗು ಸುತ್ತುತ್ತ ಹೋದಂತೆ ಎಳೆಯನ್ನು ಎದುರಿಸುವ ಕೋನ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಒಂದು ಕಡೆ ಎಳೆಯ ಉದ್ದಕ್ಕೇ ಸೀಳುತ್ತ ಹೋಗುತ್ತದೆ, ಇನ್ನೊಂದು ಕಡೆ ನೇರ ಅಡ್ಡ ಕಡಿಯುತ್ತದೆ. ಓರೆಯಾಗಿ ಎಳೆಯ ತುದಿಯನ್ನು ಹಿಂದಕ್ಕೆ ದಬ್ಬುವಂಥ ಕೋನ ಬಂದಾಗ ಎಳೆ ಕಡಿಯದೆ ಬಾಗಿ, ಮೇಲ್ಮೈಯಿಂದ ಒಳಗೆಲ್ಲೋ ಮುರಿಯುತ್ತದೆ. ಒಂದು ಸುತ್ತಿನಲ್ಲಿ ಈ ಕೆಟ್ಟ ಕೋನ ಎರಡು ಸಲ, ಎದುರುಬದುರಾಗಿ ಬರುತ್ತದೆ. ಲೋಹಕ್ಕೆ ಎಲ್ಲ ದಿಕ್ಕೂ ಒಂದೇ ಆದ್ದರಿಂದ ಅಲ್ಲಿ ಈ ತಕರಾರೇ ಇಲ್ಲ.

“ಕಬ್ಬಿಣ ಆದ್ರೆ ಬಿಟ್ ಮೊಂಡಾದಾಗ ಅದೇ ಕಿರುಚಿ ಹೇಳುತ್ತೆ,” ಎಂದರು ಮೇಸ್ತ್ರಿ. “ಇದು ಸುಮ್ನೆ ತೂತು ಬಿಟ್ಕೊಡುತ್ತೆ. ನಾವೇ ಲೆಕ್ಕ ಇಟ್ಕೋಬೇಕು, ಇಷ್ಟು ಹೋಲ್ ಆಯ್ತು, ಬಿಟ್ ತೆಗಿ ಅಂತ.” ಗೋಡೆಗೆ ಅಂಟಿಸಿದ ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಐದೈದರ ಗೆರೆಗಳಿದ್ದವು.

ಕೆಳಗೆ ಮರದ ತುಂಡು ಇಡುವ ಈ ಉಪಾಯ ಪ್ಲೈವುಡ್ ಕೊರೆಯುವ ಯಾವ ಬಡಗಿಗೂ ಗೊತ್ತು. ಕೋಟಿಗಟ್ಟಲೆ ಬೆಲೆಯ ಮೆಷಿನ್ ಇರುವ ಕಡೆಗೂ ಇದೇ ಉಪಾಯ ಬೇರೆ ವೇಷದಲ್ಲಿ ಹೋಗಿದೆ. ಹಲವು ವಿಮಾನ ಭಾಗಗಳಲ್ಲಿ ಬಿಟ್ಟು ಹೊರಬರುವ ಕಡೆ ಗಾಜಿನ ನೂಲಿನ ನೇಯ್ದ ಬಟ್ಟೆಯನ್ನು ಕೊನೆಯ ಪದರವಾಗಿ ಹಾಸಿಯೇ ಬೇಯಿಸಿರುತ್ತಾರೆ. ಹೆಣೆದ ಬಟ್ಟೆಯಲ್ಲಿ ಒಂದು ಎಳೆ ಏಳಲು ಹೋದರೆ ಅಡ್ಡ ಎಳೆ ಅದುಮಿ ಹಿಡಿಯುತ್ತದೆ.

ಬಿಟ್ಟು ಮೊಂಡಾಗುವುದು ಯಾಕೆ ಇಷ್ಟು ಬೇಗ? ಕಾರ್ಬನ್ ಎಳೆ ಗಡಸು, ಉಜ್ಜುವ ಗುಣದ್ದು. ಮರಳು ಕಾಗದದ ಮೇಲೆ ಅಲಗು ಓಡಿಸಿದಷ್ಟೇ ಆಗುತ್ತದೆ. ಮಾಮೂಲಿ ಹೈಸ್ಪೀಡ್ ಸ್ಟೀಲಿನ ಬಿಟ್ಟು ಕೆಲವೇ ತೂತುಗಳಲ್ಲಿ ಹರಿತ ಕಳೆದುಕೊಂಡು ಕತ್ತರಿಸುವ ಬದಲು ಒತ್ತಲು ಶುರುಮಾಡುತ್ತದೆ. ಒತ್ತಡ ಏರಿದರೆ ಏನಾಗುತ್ತದೆ ಎಂದು ಆಗಲೇ ನೋಡಿದೆವು. ಆದ್ದರಿಂದ ಟಂಗ್‌ಸ್ಟನ್ ಕಾರ್ಬೈಡ್, ಅದಕ್ಕೂ ಮೇಲೆ ವಜ್ರದ ಲೇಪ, ಇಲ್ಲವೇ ವಜ್ರದ ಕಣ ಬೆಸೆದು ಮಾಡಿದ ತುದಿ. ಆಕಾರದಲ್ಲೂ ಬಗೆಬಗೆ. ಬಾಕುವಿನಂತೆ ಚೂಪಾಗಿ ಇಳಿಯುವುದು ಒಂದು. ಮೊದಲು ಸಣ್ಣ ತೂತು ಮಾಡಿ ಅದರ ಹಿಂದೆಯೇ ದೊಡ್ಡದು ಮಾಡುವ ಮೆಟ್ಟಿಲಿನ ಬಿಟ್ಟು ಇನ್ನೊಂದು. ನಡುವಿನ ಒತ್ತುವ ಗೆರೆಗೆ ಕಡೆಯ ಹಂತದಲ್ಲಿ ಕೆಲಸವೇ ಇಲ್ಲದಂತೆ ಮಾಡುವುದು ಅದರ ಜಾಣತನ. ಡುಪಾಂಟ್‌ನಲ್ಲಿ ಸ್ಟೆಫನಿ ಕ್ವೋಲೆಕ್ 1965ರಲ್ಲಿ ಕಂಡುಹಿಡಿದ ಕೆವ್ಲಾರ್‌ನ ಜಾತಿಯೇ ಬೇರೆ. ಗುಂಡು ನಿರೋಧಕ ಅಂಗಿಗೆ ಹೋಗುವ ಆ ಎಳೆ ಮುರಿಯುವ ಬದಲು ಜಗ್ಗಿ ನಾರುನಾರಾಗಿ ತೂತಿನ ತುಂಬ ಹಂಚಿಕಡ್ಡಿಯಂತೆ ನಿಲ್ಲುತ್ತದೆ. ಅದಕ್ಕೆ ಹೊರ ಅಂಚಿನಲ್ಲಿ ಕೊಕ್ಕೆಯಿರುವ ಬಿಟ್ಟು ಬೇಕು. ಅದು ಎಳೆಯನ್ನು ಮೊದಲು ಹೊರಗಿನಿಂದ ಬಿಗಿ ಹಿಡಿದೆಳೆದು ಆಮೇಲೆ ಕತ್ತರಿಸುತ್ತದೆ.

ವೇಗ ಹೆಚ್ಚಿಸಿದರೆ ಬಿಸಿ. ಎಪಾಕ್ಸಿ ತಾನು ಬೆಂದ ತಾಪಮಾನದ ಹತ್ತಿರ ಹೋದರೆ ಮೆತ್ತಗಾಗುತ್ತದೆ, ಎಳೆಗೆ ಹಿಡಿತ ಸಿಗದೆ ಅಲಗಿನ ಮುಂದೆ ಬಾಗುತ್ತ ಹೋಗುತ್ತದೆ. ಹಾಗಂತ ನೀರೋ ಎಣ್ಣೆಯೋ ಸುರಿಯೋಣವೆಂದರೆ ಪದರಗಳ ಸಂದಿಗೆ ಇಳಿಯುವ ಭಯ, ಮುಂದೆ ಅಂಟಿಸುವ ಕೆಲಸವಿದ್ದರೆ ಅದಕ್ಕೂ ಕುತ್ತು. ಬಹಳ ಕಡೆ ಒಣಗಿದ್ದಂತೆಯೇ ಕೊರೆಯುತ್ತಾರೆ.

ಇದನ್ನೆಲ್ಲ ವಿಮಾನದವರ ಚಿಂತೆ ಎಂದು ಬದಿಗಿಡುವ ಹಾಗಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ತೂತು ಬೀಳುವ ಎಳೆ-ಪ್ಲಾಸ್ಟಿಕ್ ಇರುವುದು ನಮ್ಮ ಜೇಬಿನಲ್ಲಿ, ಮೇಜಿನ ಮೇಲೆ. ಟಿವಿ, ರೂಟರ್, ಕಾರು ಎಲ್ಲದರ ಹೊಟ್ಟೆಯಲ್ಲಿರುವ ಹಸಿರು ಸರ್ಕಿಟ್ ಬೋರ್ಡು ಗಾಜಿನ ನೂಲಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಬೇಯಿಸಿ ಮಾಡಿದ ಕಾಂಪೋಸಿಟ್ಟೇ. ಒಂದು ಪದರದ ತಾಮ್ರದಿಂದ ಇನ್ನೊಂದಕ್ಕೆ ವಿದ್ಯುತ್ ದಾಟಿಸಲು ತೂತು ಬೇಕು. ಕೂದಲಿಗಿಂತ ತುಸು ದಪ್ಪದ ಕಾರ್ಬೈಡ್ ಬಿಟ್ಟುಗಳು ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತ ಹೊಲಿಗೆ ಯಂತ್ರದ ಸೂಜಿಯಂತೆ ಎದ್ದು ಬೀಳುತ್ತವೆ. ಅಲ್ಲೂ ಮೇಲ್ಗಡೆ ತೆಳು ಅಲ್ಯೂಮಿನಿಯಂ ಹಾಳೆ, ಕೆಳಗಡೆ ಬಿಸಾಡುವ ರಟ್ಟು: ಪೀಣ್ಯದ ಮೇಸ್ತ್ರಿಯ ಟೇಪು ಮತ್ತು ಎಂಡಿಎಫ್‌ನ ಕೆಲಸವನ್ನೇ ಅವು ಮಾಡುವುದು. ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿಯ ಬೋರ್ಡು ಕಾರ್ಖಾನೆ ಎರಡು ದಶಕ ದಾಟಿ ನಡೆಯುತ್ತಿದೆ. ಮೈಸೂರು ಕಡೆಯ ಎಷ್ಟು ಜನರ ಅನ್ನ ಇಂಥ ತೂತುಗಳ ಮೇಲೆ ನಿಂತಿದೆಯೋ.

ಬೋರ್ಡಿನ ತೂತು ಕೆಟ್ಟರೆ ವಿಮಾನ ಬೀಳುವುದಿಲ್ಲ, ಆದರೆ ಸೇಡು ನಿಧಾನಕ್ಕೆ ತೀರುತ್ತದೆ. ಒರಟಾಗಿ ಕೊರೆದಾಗ ಗಾಜಿನ ನೂಲಿಗೂ ರಾಳಕ್ಕೂ ಇರುವ ಹಿಡಿತ ಸಡಿಲವಾಗಿ, ನೂಲಿನ ಉದ್ದಕ್ಕೆ ಕಣ್ಣಿಗೆ ಕಾಣದ ಸಂದು ಬಿಡುತ್ತದೆ. ಅಲ್ಲಿ ತೇವ ಸೇರಿಕೊಂಡು, ಪಕ್ಕದಲ್ಲಿ ವೋಲ್ಟೇಜ್ ಇದ್ದರೆ, ಒಂದು ತೂತಿನಿಂದ ಇನ್ನೊಂದರ ಕಡೆಗೆ ತಾಮ್ರದ ಉಪ್ಪು ಕೂದಲೆಳೆಯಂತೆ ಬೆಳೆಯುತ್ತ ಹೋಗುತ್ತದೆ. ಎರಡೂ ಮುಟ್ಟಿದ ದಿನ ಶಾರ್ಟ್ ಸರ್ಕಿಟ್. ಇದನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನವರು 1970ರ ದಶಕದಲ್ಲೇ ಗುರುತಿಸಿದರು. ಕರಾವಳಿಯ ಮಳೆಗಾಲದಲ್ಲಿ ಉಪಕರಣಗಳು ಇದ್ದಕ್ಕಿದ್ದಂತೆ ಕೈಕೊಡುವುದಕ್ಕೆ ಕಾರಣ ಹಲವಿರಬಹುದು, ಇದೂ ಒಂದಾಗಿರಲು ಸಾಧ್ಯ.

ಗಾಳಿಯಂತ್ರದ ರೆಕ್ಕೆಗಳದ್ದು ಇನ್ನೊಂದು ತುದಿಯ ಕಥೆ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ರೆಕ್ಕೆಗಳು ಮುಖ್ಯವಾಗಿ ಗಾಜಿನ ನೂಲಿನ ಕಾಂಪೋಸಿಟ್. ಬುಡದಲ್ಲಿ ಹಲವು ಸೆಂಟಿಮೀಟರ್ ದಪ್ಪ. ಹಲವು ವಿನ್ಯಾಸಗಳಲ್ಲಿ ಆ ಬುಡದ ಅಂಚಿನಿಂದ ಉದ್ದಕ್ಕೊಂದು, ಪಕ್ಕದಿಂದ ಅಡ್ಡಕ್ಕೊಂದು ತೂತು ಕೊರೆದು, ಅಡ್ಡ ತೂತಿನಲ್ಲಿ ಉಕ್ಕಿನ ದುಂಡು ನಟ್ಟು ಕೂರಿಸಿ, ಉದ್ದದ ಬೋಲ್ಟನ್ನು ಅದಕ್ಕೆ ಬಿಗಿಯುತ್ತಾರೆ. ಟನ್ನುಗಟ್ಟಲೆ ತೂಕದ ರೆಕ್ಕೆ ಇಂಥ ಹತ್ತಾರು ಜೋಡಿ ತೂತುಗಳ ಮೇಲೆ ನೇತಾಡುತ್ತದೆ.

ವಿಮಾನದಲ್ಲಿ ತೂತು ಕೊರೆಯುವವರಿಗೆ ಕಾಂಪೋಸಿಟ್ ಒಂದೇ ಆಗಿದ್ದರೆ ಪರವಾಗಿರಲಿಲ್ಲ. ಅದು ಹೋಗಿ ಕೂರುವುದು ಲೋಹದ ಮೇಲೆ. ಅಲ್ಯೂಮಿನಿಯಂಗೆ ಕಾರ್ಬನ್ ತಾಗಿದರೆ ಬ್ಯಾಟರಿಯ ಎರಡು ಧ್ರುವಗಳಂತಾಗಿ ಅಲ್ಯೂಮಿನಿಯಂ ಕೊರೆದುಹೋಗುತ್ತದೆ, ಆದ್ದರಿಂದ ಅಂಥ ಕಡೆ ಟೈಟಾನಿಯಂ. ಎರಡನ್ನೂ ಒಟ್ಟಿಗೆ ಜೋಡಿಸಿಟ್ಟು ಒಂದೇ ಏಟಿಗೆ ಕೊರೆಯಬೇಕು, ಇಲ್ಲದಿದ್ದರೆ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ. ಕಾರ್ಬನ್‌ಗೆ ಅಲಗು ನಿಮಿಷಕ್ಕೆ ನೂರಿಪ್ಪತ್ತು ಮೀಟರಿನಷ್ಟು ವೇಗದಲ್ಲಿ ಓಡಬೇಕು ಎಂದಿಟ್ಟುಕೊಳ್ಳಿ. 6 ಮಿಲಿಮೀಟರಿನ ಬಿಟ್ಟಾದರೆ ನಿಮಿಷಕ್ಕೆ ಸುಮಾರು 6,400 ಸುತ್ತು. ಟೈಟಾನಿಯಂಗೆ ಹದಿನೈದು ಮೀಟರ್ ಸಾಕು, ಅಂದರೆ 800 ಸುತ್ತು. ಅದಕ್ಕಿಂತ ಓಡಿಸಿದರೆ ಬಿಸಿ ಆರಲು ದಾರಿ ಸಿಗದೆ ಬಿಟ್ಟಿನ ತುದಿಯೇ ಸುಡುತ್ತದೆ. ಒಂದೇ ಬಿಟ್ಟು, ನಾಲ್ಕು ಮಿಲಿಮೀಟರ್ ಇಳಿದ ಮೇಲೆ ತನ್ನ ಸ್ವಭಾವವನ್ನೇ ಬದಲಿಸಿಕೊಳ್ಳಬೇಕು. ಸಾಲದ್ದಕ್ಕೆ ಕೆಳಗಿನ ಟೈಟಾನಿಯಂನ ಕಾದ, ಹರಿತ ಸುರುಳಿಗಳು ಬಿಟ್ಟಿನ ತೋಡಿನಲ್ಲಿ ಮೇಲೆ ಬರುವಾಗ ಆಗತಾನೆ ನುಣ್ಣಗೆ ಕೊರೆದ ಕಾರ್ಬನ್ ತೂತನ್ನು ಕೆರೆದು ದೊಡ್ಡದು ಮಾಡುತ್ತವೆ. ಇದಕ್ಕೆ ಕಂಡುಕೊಂಡ ದಾರಿಗಳಲ್ಲಿ ನನಗೆ ತುಂಬ ಹಿಡಿಸಿದ್ದು ಸ್ವೀಡನ್ನಿನ ನೊವೇಟರ್ ಕಂಪನಿ ಬೆಳೆಸಿದ ಆರ್ಬಿಟಲ್ ಡ್ರಿಲ್ಲಿಂಗ್. ತೂತಿಗಿಂತ ಸಣ್ಣ ಕಟರ್ ತನ್ನ ಸುತ್ತ ತಾನು ತಿರುಗುತ್ತಲೇ ತೂತಿನ ಒಳಗೋಡೆಗುಂಟ ಪ್ರದಕ್ಷಿಣೆ ಹಾಕುತ್ತ ಇಳಿಯುತ್ತದೆ. ತೂತಿನ ನಟ್ಟನಡುವೆ ನಿಂತು ಒತ್ತುವ ಸೊನ್ನೆ ವೇಗದ ತುದಿ ಅಲ್ಲಿಲ್ಲ, ಉದ್ದನೆಯ ಸುರುಳಿಯೂ ಏಳುವುದಿಲ್ಲ. ನಿಧಾನ, ದುಬಾರಿ, ಆದರೆ ಸಮಸ್ಯೆಯ ಬುಡಕ್ಕೇ ಕೈಹಾಕಿದ ಯೋಚನೆ.

ತೂತು ಮತ್ತು ಫಾಸ್ಟನರಿನ ಕಾಟ ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದಕ್ಕೆ ಬೋಯಿಂಗ್ 787 ಸಾಕ್ಷಿ. ತೂಕದಲ್ಲಿ ಅರ್ಧದಷ್ಟು ಕಾಂಪೋಸಿಟ್ ಇರುವ ಆ ವಿಮಾನದ ಹೆಮ್ಮೆಯೂ ಕೊರೆಯದ ತೂತುಗಳೇ. ಒಡಲಿನ ಒಂದೊಂದು ಭಾಗವನ್ನು ಇಡೀ ಪೀಪಾಯಿಯಂತೆ ಸುತ್ತಿ ಬೇಯಿಸಿದ್ದರಿಂದ ಭಾಗವೊಂದಕ್ಕೆ 1,500 ಅಲ್ಯೂಮಿನಿಯಂ ಹಾಳೆಗಳೂ 40,000ದಿಂದ 50,000 ಫಾಸ್ಟನರುಗಳೂ ಬೇಡವಾದವು ಎಂದು ಕಂಪನಿ ಹೇಳಿಕೊಂಡಿತು. ಉಳಿದವಕ್ಕೆ ಕಷ್ಟ ಬಂತು. 2007ರ ಜುಲೈ 8ರಂದು ಅಮೆರಿಕದ ಎವರೆಟ್‌ನಲ್ಲಿ ಸಾವಿರಾರು ಜನರೆದುರು ಅನಾವರಣಗೊಂಡ ಮೊದಲ ವಿಮಾನದಲ್ಲಿ ಎಷ್ಟೋ ಕಡೆ ತಾತ್ಕಾಲಿಕ ಫಾಸ್ಟನರುಗಳಿದ್ದವು. ಅಸಲಿ ಫಾಸ್ಟನರುಗಳಿಗೆ ಮಾರುಕಟ್ಟೆಯಲ್ಲಿ ಕೊರತೆ. ಅವನ್ನೆಲ್ಲ ಕಿತ್ತು ಮತ್ತೆ ಹಾಕಬೇಕಾಯಿತು. 2008ರ ನವೆಂಬರಿನಲ್ಲಿ, ಪರೀಕ್ಷಾ ವಿಮಾನಗಳಲ್ಲಿ ಸಾವಿರಾರು ಫಾಸ್ಟನರುಗಳನ್ನು ತಪ್ಪಾಗಿ ಕೂರಿಸಿರುವುದು ಪತ್ತೆಯಾಯಿತು. 2009ರ ಜೂನಿನಲ್ಲಿ ರೆಕ್ಕೆ ಒಡಲಿಗೆ ಸೇರುವ ಕಡೆ ಬಲ ಸಾಲದೆಂದು ತಿಳಿದು ಹೊಸ ಫಿಟ್ಟಿಂಗುಗಳನ್ನು ಕೂರಿಸಬೇಕಾಯಿತು. ಆಗಲೇ ಜೋಡಿಸಿಟ್ಟ ರೆಕ್ಕೆಯೊಳಗೆ ಇಕ್ಕಟ್ಟಿನಲ್ಲಿ ಮತ್ತೆ ಕೊರೆಯುವ ಕೆಲಸ. ವಿಮಾನ ಹಾರಿದ್ದು 2009ರ ಡಿಸೆಂಬರ್ 15ಕ್ಕೆ, ಮೊದಲು ಹೇಳಿದ್ದಕ್ಕಿಂತ ಎರಡು ವರ್ಷಕ್ಕೂ ಹೆಚ್ಚು ತಡವಾಗಿ. ತಡಕ್ಕೆ ಬೇರೆ ಕಾರಣಗಳೂ ಸಾಕಷ್ಟಿದ್ದವು. ಆದರೂ ಜಗತ್ತಿನ ಅತಿ ದೊಡ್ಡ ವಿಮಾನ ಕಂಪನಿಗಳಲ್ಲೊಂದು ಬೋಲ್ಟಿನ ವಿಷಯಕ್ಕೆ ಪದೇ ಪದೇ ಪತ್ರಿಕಾ ಹೇಳಿಕೆ ಕೊಡಬೇಕಾಗಿ ಬಂದದ್ದು ಸಣ್ಣ ಮಾತಲ್ಲ.

ಕರಿ ಪುಡಿಯ ಬಗ್ಗೆ ಒಂದು ಮಾತು, ಯಾಕೆಂದರೆ ಸಣ್ಣ ಶೆಡ್ಡುಗಳಲ್ಲಿ ಇದಕ್ಕೆ ಗಮನವಿಲ್ಲ. ಕಾರ್ಬನ್ ಪುಡಿ ವಿದ್ಯುತ್ ಹರಿಸುತ್ತದೆ. ಮೆಷಿನ್ನಿನ ಕಂಟ್ರೋಲ್ ಪ್ಯಾನೆಲ್ಲಿಗೆ ನುಗ್ಗಿದರೆ ಶಾರ್ಟ್ ಮಾಡುತ್ತದೆ. ಅದಕ್ಕೆ ಎಲ್ಲರೂ ಹೆದರಿ ಪ್ಯಾನೆಲ್ಲಿಗೆ ಪ್ಲಾಸ್ಟಿಕ್ ಸುತ್ತುತ್ತಾರೆ. ಅದೇ ಪುಡಿ ಚರ್ಮಕ್ಕೆ ತುರಿಕೆ, ಕಣ್ಣಿಗೆ ಉರಿ, ನವಿರಾದದ್ದು ಶ್ವಾಸಕ್ಕೆ ಎಳೆದುಕೊಂಡರೆ ಒಳಗೆ ಹೋಗಿ ಕೂರುತ್ತದೆ. ಕೆಲಸಗಾರನ ಮೂಗಿಗೆ ಕರ್ಚೀಫು ಮಾತ್ರ. ಪ್ಯಾನೆಲ್ಲಿಗೆ ಸಿಗುವಷ್ಟಾದರೂ ಮರ್ಯಾದೆ ಶ್ವಾಸಕೋಶಕ್ಕೆ ಸಿಗಬೇಕು.

ಇಷ್ಟು ಎಚ್ಚರಿಕೆಯ ಮೇಲೂ ತೂತು ಕೆಡುತ್ತದೆ. ಕೆಟ್ಟಾಗ ಏನು ಮಾಡುತ್ತಾರೆ? ಮೊದಲು ಹಾನಿಯನ್ನು ಅಳೆಯುತ್ತಾರೆ. ಪದರ ಬಿಟ್ಟ ಜಾಗದ ಅತಿ ಹೆಚ್ಚಿನ ಅಗಲವನ್ನು ತೂತಿನ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಒಂದಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಒಳಗಿನ ಬಿರುಕು ಕಾಣಲು ಮತ್ತೆ ಅಲ್ಟ್ರಾಸೌಂಡ್. ಹಳಬರು ನಾಣ್ಯದಿಂದ ತಟ್ಟಿ ಸದ್ದು ಕೇಳಿಯೂ ಹೇಳುತ್ತಾರೆ, ಪದರ ಬಿಟ್ಟ ಕಡೆ ಸದ್ದು ಬೊದ್ದು. ಅಲ್ಪಸ್ವಲ್ಪ ಬಿಟ್ಟಿದ್ದರೆ ತೆಳುವಾದ ರಾಳವನ್ನು ಸಂದಿಗೆ ತುಂಬಿ ಒತ್ತಿ ಹಿಡಿದು ಒಣಗಿಸುತ್ತಾರೆ. ತೂತಿನ ಗೋಡೆ ಕೆಟ್ಟಿದ್ದರೆ ಇನ್ನಷ್ಟು ದೊಡ್ಡದು ಕೊರೆದು ಒಂದು ಸೈಜು ದಪ್ಪದ ಫಾಸ್ಟನರ್ ಹಾಕುತ್ತಾರೆ. ವಿಮಾನದ ಫಾಸ್ಟನರುಗಳಲ್ಲಿ ಇದಕ್ಕೆಂದೇ ಮಾಮೂಲಿಗಿಂತ ಸುಮಾರು 0.4 ಮಿಲಿಮೀಟರ್ ದಪ್ಪದ್ದು, ಅದೂ ಕೆಟ್ಟರೆ 0.8 ಮಿಲಿಮೀಟರ್ ದಪ್ಪದ್ದು ಸಿಗುತ್ತದೆ.

ಆದರೆ ತೂತು ಹಿಗ್ಗಿದಂತೆ ಇನ್ನೊಂದು ಲೆಕ್ಕ ಅಡ್ಡ ಬರುತ್ತದೆ. ಲೋಹದಲ್ಲಿ ತೂತಿನ ನಡುವಿನಿಂದ ಹಲಗೆಯ ಅಂಚಿಗೆ ತೂತಿನ ಅಗಲದ ಎರಡರಷ್ಟು ಜಾಗ ಬಿಟ್ಟರೆ ನಡೆಯುತ್ತದೆ. ಕಾಂಪೋಸಿಟ್ಟಿಗೆ ಸಾಮಾನ್ಯವಾಗಿ ಮೂರರಷ್ಟು ಬೇಕು, ಇಲ್ಲವಾದರೆ ಬೋಲ್ಟು ಅಂಚನ್ನೇ ಸೀಳಿಕೊಂಡು ಹೊರಬರುತ್ತದೆ. 6 ಮಿಲಿಮೀಟರಿನ ತೂತಿಗೆ ಅಂಚು 18 ಮಿಲಿಮೀಟರ್ ದೂರವಿರಬೇಕು; ಅದನ್ನು 6.8ಕ್ಕೆ ಹಿಗ್ಗಿಸಿದರೆ 20.4 ಬೇಕು. ಅಂಚು ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಅನುಭವಸ್ಥ ವಿನ್ಯಾಸಕಾರರು ನಕ್ಷೆ ಬರೆಯುವಾಗಲೇ, ತೂತು ಕೆಟ್ಟೇ ಕೆಡುತ್ತದೆ ಎಂದು ಲೆಕ್ಕಕ್ಕೆ ಹಿಡಿದು, ಅಂಚಿಗೆ ಒಂದೆರಡು ಮಿಲಿಮೀಟರ್ ಹೆಚ್ಚಿಗೆ ಬಿಟ್ಟಿರುತ್ತಾರೆ. ಸಾವಿರಾರು ತೂತುಗಳ ವಿಮಾನದಲ್ಲಿ ಆ ಒಂದೆರಡು ಮಿಲಿಮೀಟರುಗಳ ತೂಕವನ್ನು ಅದು ಹಾರುವಷ್ಟು ವರ್ಷವೂ ಹೊತ್ತುಕೊಂಡೇ ಹಾರಬೇಕು.